ದಕ್ಷತಾ ತರಬೇತಿ: ಕೊಡಗಿನ ಲೇಬರ್ ರೂಂಗೆ ಎಷ್ಟು ಉಪಯೋಗ?

ಹೆರಿಗೆ ಮಾಡಿಸುವ ಸ್ಟಾಫ್ ನರ್ಸ್‌ಗಳಿಗೆ ಸರ್ಕಾರ ಕೊಡುವ ತರಬೇತಿಗಳಲ್ಲಿ 2015ರಲ್ಲಿ ಶುರುವಾದ ದಕ್ಷತಾ ಮೆಚ್ಚುವಂಥದ್ದು. ಸ್ಲೈಡ್ ಕಡಿಮೆ, ಬೊಂಬೆಯ ಮೇಲೆ ಕೈ ಪಳಗಿಸುವುದು ಹೆಚ್ಚು. ತರಗತಿ ಮೂರು ದಿನ, ಆಮೇಲೆ ಮೆಂಟರ್ (ಕೈಹಿಡಿದು ಕಲಿಸುವ ಮಾರ್ಗದರ್ಶಕರು) ಆಸ್ಪತ್ರೆಗೇ ಬಂದು ಕೆಲಸ ನೋಡಬೇಕು. ಈ ಎರಡನೇ ಭಾಗ ತಪ್ಪಿದರೆ ಮೊದಲನೆಯದರ ಅರ್ಧ ಬೆಲೆ ಹೋಯಿತೆಂದೇ ಲೆಕ್ಕ.

ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿನ ವಿಷಯವನ್ನೇ ನೋಡಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಕೊಡಬೇಕು. ಪರೀಕ್ಷೆಯಲ್ಲಿ ಕೇಳಿದರೆ ಯಾವ ಸಿಸ್ಟರ್ ಆದರೂ ಹೇಳುತ್ತಾರೆ. ತಡವಾಗುವುದು ಜ್ಞಾನ ಇಲ್ಲದೆ ಅಲ್ಲ; ಮಗು ಬಂದ ಮೇಲೆ ಫ್ರಿಜ್ ತೆಗೆದು, ಆಂಪ್ಯೂಲ್ ಒಡೆದು, ಸಿರಿಂಜ್‌ಗೆ ಎಳೆಯುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ. ದಕ್ಷತಾದಲ್ಲಿ ಕಲಿಸುವ ಕ್ರಮ ಬೇರೆ. ತಲೆ ಕಾಣುವಾಗಲೇ ಸಿರಿಂಜ್ ತುಂಬಿಸಿ, ಹೆಸರು ಬರೆದು ಟ್ರೇಯಲ್ಲಿಡಿ. ಮಗು ಬಂದೊಡನೆ ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಚಿತಪಡಿಸಿಕೊಂಡು ಚುಚ್ಚಿ. ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ 1ರಿಂದ 3 ನಿಮಿಷದ ನಡುವೆ. ಮಾಸು ಹೊರತೆಗೆಯಲು ಬಳ್ಳಿ ಎಳೆಯುವಾಗ ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲೆ ಗರ್ಭಕೋಶಕ್ಕೆ ಆಧಾರವಾಗಿರಲೇಬೇಕು. ಆ ಕೈ ಮರೆತು ಬಲವಾಗಿ ಎಳೆದರೆ ಗರ್ಭಕೋಶವೇ ಒಳಹೊರಗಾದೀತು.

ಆದರೆ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ಸತ್ವ ಕಳೆದುಕೊಂಡ ಆಂಪ್ಯೂಲ್ ನೋಡಲು ಹೊಸದರಂತೆಯೇ ಇರುತ್ತದೆ, ಗೊತ್ತಾಗುವುದು ರಕ್ತಸ್ರಾವ ನಿಲ್ಲದಿದ್ದಾಗ. ಫ್ರಿಜ್‌ಗೆ ಥರ್ಮಾಮೀಟರ್, ಐಸ್ ಪ್ಯಾಕ್ ಇಟ್ಟ ಡಬ್ಬಿ, ದಿನಕ್ಕೆರಡು ಸಲ ತಾಪಮಾನ ಬರೆಯುವ ಹಾಳೆ: ಇದನ್ನೆಲ್ಲ ತರಬೇತಿ ಹಾಲ್‌ನಲ್ಲಿ ಕೂತು ಸರಿಪಡಿಸಲಾಗದು.

ರಕ್ತದೊತ್ತಡ ಏರಿದ ಗರ್ಭಿಣಿಗೆ ಫಿಟ್ಸ್ ಬಾರದಂತೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಪಾಠ ಬಹಳ ಗಟ್ಟಿ. 50 ಶೇಕಡಾ ದ್ರಾವಣದ 2 ಮಿಲಿ ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ. ದೊಡ್ಡ ಆಸ್ಪತ್ರೆಗೆ ರೆಫರ್ ಮಾಡುವ ಮೊದಲಿನ ಡೋಸ್ ಒಟ್ಟು 10 ಗ್ರಾಂ, ಅಂದರೆ ಒಂದೊಂದು ಪಿರ್ರೆಗೆ ಐದೈದು ಆಂಪ್ಯೂಲ್, ಆಳಕ್ಕೆ. ನರಕ್ಕೆ ಕೊಡುವ 4 ಗ್ರಾಂ ಬೇರೆ ಲೆಕ್ಕ: 8 ಮಿಲಿ ಔಷಧಿಗೆ 12 ಮಿಲಿ ಡಿಸ್ಟಿಲ್ಡ್ ವಾಟರ್, ನಿಧಾನಕ್ಕೆ. ಈ ಎರಡು ಲೆಕ್ಕಗಳಲ್ಲಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಭಾಗಮಂಡಲ ಕಡೆಯಿಂದ ಮಡಿಕೇರಿಗೆ ಹೊರಟ 108 ಆಂಬುಲೆನ್ಸ್ ಮರ ಬಿದ್ದ ರಸ್ತೆಯಲ್ಲಿ ನಿಂತರೆ ಆ ಮೊದಲ ಡೋಸೇ ಆಸರೆ. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾದರೆ ಮುಂದಿನ ಡೋಸ್ ಬೇಡ. ಅದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟುಕುವಂತಿರಲಿ.

ಪಾರ್ಟೋಗ್ರಾಫ್ (ಹೆರಿಗೆ ಮುಂದುವರಿಯುವುದನ್ನು ಗುರುತಿಸುವ ನಕ್ಷೆ ಹಾಳೆ) ಪಾಠ ಸಾಧಾರಣ. ತರಗತಿಯಲ್ಲಿ ಸಿದ್ಧ ಕೇಸ್ ಕೊಟ್ಟು ಒಂದೇ ಏಟಿಗೆ ಗೆರೆ ಎಳೆಸುತ್ತಾರೆ. ನಿಜದಲ್ಲಿ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ನೋವು ಬರೆಯಬೇಕು, ಅಷ್ಟರಲ್ಲಿ ಶಿಫ್ಟ್ ಬದಲಾಗುತ್ತದೆ, ಪಕ್ಕದ ಟೇಬಲ್‌ಗೆ ಇನ್ನೊಬ್ಬಳು ಬರುತ್ತಾಳೆ. ಹೆರಿಗೆಯಾದ ಮೇಲೆ ತುಂಬಿಸಿದ ಹಾಳೆ ಗುರುತಿಸುವುದು ಸುಲಭ: ಎಲ್ಲ ಚುಕ್ಕೆಗೂ ಒಂದೇ ಪೆನ್ನು, ಎದೆಬಡಿತ ಉದ್ದಕ್ಕೂ 140, ಗೆರೆ ಅಲರ್ಟ್ ಲೈನ್ (ಹೆರಿಗೆ ನಿಧಾನವಾದರೆ ಎಚ್ಚರಿಸುವ ಗೆರೆ) ಪಕ್ಕದಲ್ಲೇ ಶಿಸ್ತಾಗಿ ಏರಿರುತ್ತದೆ. ಒಳ್ಳೆಯ ಮೆಂಟರ್ ಬೈಯುವುದಿಲ್ಲ. ಕ್ಲಿಪ್‌ಬೋರ್ಡನ್ನು ಡ್ಯೂಟಿ ಟೇಬಲ್‌ನಿಂದ ತೆಗೆದು ತಾಯಿಯ ಮಂಚಕ್ಕೆ ತೂಗುಹಾಕುತ್ತಾರೆ. ಉತ್ತರ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನರ್ಸ್ ಮೆಂಟರ್‌ಗಳನ್ನು ಕಳಿಸಿದ ಸುಕ್ಷೇಮ ಯೋಜನೆ ಹಿಡಿದದ್ದೂ ಇದೇ ದಾರಿ.

ಕೊರತೆಗಳಲ್ಲಿ ದೊಡ್ಡದು, ಆಯಾಗಳನ್ನು ಹೊರಗಿಡುವುದು. ಹೊಟ್ಟೆ ಒತ್ತಿ ಹೆರಿಗೆ ಮಾಡಿಸುವ ಹಳೆ ಚಾಳಿ ಸಿಸ್ಟರ್‌ಗೆ ಬಿಟ್ಟರೂ ಆಯಾ ಕೈಯಲ್ಲಿ ಉಳಿಯುತ್ತದೆ. ಗೌರವದ ಆರೈಕೆ ಪಾಠವೂ ಎಲ್ಲ ತಾಯಂದಿರಿಗೂ ಕನ್ನಡ ಬರುತ್ತದೆ ಎಂದುಕೊಂಡಂತಿದೆ. ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆ) ಬರುವ ಯರವ ಬುಡಕಟ್ಟಿನ, ಅಸ್ಸಾಂನ ಹೆಂಗಸರಿಗೆ ಅದು ನಾಟುವುದಿಲ್ಲ. ಜೊತೆಗೆ ಅವರದೇ ಭಾಷೆಯ ಹೆಂಗಸೊಬ್ಬಳನ್ನು ಒಳಗೆ ಬಿಟ್ಟರೆ ಕೆಲಸ ಸಲೀಸು.

ತರಬೇತಿಗೆ ಕಳಿಸುವವರು ಒಂದೇ ಶಿಫ್ಟಿನ ಇಬ್ಬರನ್ನು ಕಳಿಸಿ. ಬಂದ ಮೇಲೆ ಕನಿಷ್ಠ ಆರು ತಿಂಗಳು ಒಪಿಡಿಗೆ ಎತ್ತಿಹಾಕಬೇಡಿ. ಮೆಂಟರ್ ಭೇಟಿಯ ದಿನಾಂಕ ಬರೆಸಿಕೊಂಡೇ ಹೆಸರು ಕೊಡಿ.