ಹಿರಿಯರ ಮಾತು ಉಳಿಸಿಡಲು: ಕ್ಲೌಡ್, ಓಎಚ್‌ಎಂಎಸ್ ಅಥವಾ ಹಾರ್ಡ್ ಡಿಸ್ಕ್?

ನನ್ನ ಓಟು ಎರಡು ಹಾರ್ಡ್ ಡಿಸ್ಕ್ ಮತ್ತು ಒಂದು ಸ್ಪ್ರೆಡ್‌ಶೀಟಿಗೆ. ನಮ್ಮ ಕಡೆಯ ಹಿರಿಯರು ಹೇಳಿದ ಹಳೇ ಕಥೆ, ಅರೆಭಾಷೆಯ ಮದುವೆ ಹಾಡು, ಕೊಡವರ ಜನಪದ ಹಾಡು ಬಾಳೋ ಪಾಟ್ ಎಲ್ಲ ಈಗ ಅದರಲ್ಲೇ ಇವೆ.

ಮೊದಲು ನೋಡಿದ್ದು ಕ್ಲೌಡ್. ಗೂಗಲ್ ಡ್ರೈವ್ ಉಚಿತವಾಗಿ ಕೊಡುವುದು 15 ಜಿಬಿ. 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೊ ವೇವ್ ಫೈಲ್ (ಧ್ವನಿಯನ್ನು ಕುಗ್ಗಿಸದೆ ಇಡುವಂಥದ್ದು) ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಎಂಪಿ3 ಮಾಡಿದರೆ ಜಾಗ ಉಳಿಯುತ್ತದೆ, ಆದರೆ ಒಮ್ಮೆ ಬಿಟ್ಟುಹೋದ ಧ್ವನಿ ಮತ್ತೆ ಬರುವುದಿಲ್ಲ. ಜಾಸ್ತಿ ಜಾಗ ಬೇಕೆಂದರೆ ವರ್ಷವರ್ಷವೂ ದುಡ್ಡು ಕಟ್ಟಬೇಕು. ಮೇಲೆ ನಮ್ಮ ಮಳೆಗಾಲ: ಕರೆಂಟ್ ಹೋದರೆ ನೆಟ್‌ವರ್ಕೂ ಹೋಯಿತು.

ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಸಂಗ್ರಹಕ್ಕೆ ದುಡ್ಡು ಬೇಡ. ಆದರೆ ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಕೇಳಬಹುದು. ಆಸ್ತಿ ಜಗಳದ ಮಾತನ್ನು ನನ್ನ ಮೇಲೆ ನಂಬಿಕೆ ಇಟ್ಟು ಹೇಳಿದ ಅಜ್ಜಿಯ ರೆಕಾರ್ಡಿಂಗನ್ನು ಅಲ್ಲಿ ಹಾಕಲಾಗುತ್ತದೆಯೇ?

ಓಎಚ್‌ಎಂಎಸ್ ಅಂದರೆ ಸಂದರ್ಶನದ ರೆಕಾರ್ಡಿಂಗಿಗೆ ವಿಷಯಸೂಚಿ ಜೋಡಿಸುವ ತಂತ್ರಾಂಶ. ಅದು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರದ್ದು, ಅದೂ ಉಚಿತ. ವಿಷಯದ ಮೇಲೆ ಒತ್ತಿದರೆ ರೆಕಾರ್ಡಿಂಗ್ ಸರಿಯಾಗಿ ಆ ನಿಮಿಷಕ್ಕೇ ಹೋಗುತ್ತದೆ. ಬಹಳ ಚೆನ್ನಾಗಿದೆ. ಆದರೆ ಆಡಿಯೋ ಇಡುವ ಜಾಗ ಅದು ಕೊಡುವುದಿಲ್ಲ, ಬೇರೆ ಕಡೆ ಆನ್‌ಲೈನ್‌ನಲ್ಲಿ ಇಟ್ಟಿರಬೇಕು. ಕಾಲೇಜಿಗೋ ಸಂಘಕ್ಕೋ ಸರಿ. ಮನೆಯಲ್ಲಿ ಒಬ್ಬರೇ ಕೂತು ಮಾಡುವವರಿಗೆ ಭಾರ.

ಇನ್ನು ಸ್ಪ್ರೆಡ್‌ಶೀಟ್. ಇದರಲ್ಲಿ ನನ್ನನ್ನು ಕಾಡಿದ್ದು ಒಂದೇ. ಮುಂದೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಲಿ ಎಂದು ಪಟ್ಟಿಯನ್ನು ಸಿಎಸ್‌ವಿ ಎಂಬ ಸರಳ ಪಠ್ಯ ಫೈಲಾಗಿ ಸೇವ್ ಮಾಡಿದೆ. ಮತ್ತೆ ತೆರೆದರೆ ಕನ್ನಡ ಅಕ್ಷರ ಒಂದೂ ಇಲ್ಲ! ಊರು, ಒಕ್ಕದ (ಮನೆತನದ) ಹೆಸರು, ಹಾಡಿನ ಮೊದಲ ಸಾಲು, ಎಲ್ಲಾ ಕಡೆ ಬರೀ ಪ್ರಶ್ನೆ ಚಿಹ್ನೆ. ತಾರೀಕು ಮತ್ತು ಫೈಲ್ ನಂಬರ್ ಮಾತ್ರ ಹಾಗೇ ಇದ್ದವು.

ಅಕ್ಷರ ಚಿತ್ರವಿಚಿತ್ರವಾಗಿ ಕಂಡರೆ ಹೆದರಬೇಕಿಲ್ಲ. ಮಾಹಿತಿ ಒಳಗೇ ಇರುತ್ತದೆ, ಸರಿಯಾದ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಸಂಕೇತ ಕ್ರಮ) ಆರಿಸಿದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಪ್ರಶ್ನೆ ಚಿಹ್ನೆ ಹಾಗಲ್ಲ. ಸೇವ್ ಆಗುವಾಗಲೇ ಕನ್ನಡ ಅಳಿಸಿಹೋಗಿರುತ್ತದೆ, ಆ ಫೈಲಿನಿಂದ ಏನೂ ಸಿಗುವುದಿಲ್ಲ. ಹಾಡಿದವರಲ್ಲಿ ಕೆಲವರು ಈಗಿಲ್ಲ. ಅವರ ಹೆಸರು ಮತ್ತೆ ಯಾರನ್ನು ಕೇಳುವುದು? ಮೂಲ ಶೀಟ್ ಬೇರೆ ಇದ್ದದ್ದಕ್ಕೆ ಉಳಿಯಿತು.

ಈಗ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಸಿಎಸ್‌ವಿ ಮಾಡುವಾಗ ಯಾವ ಎನ್‌ಕೋಡಿಂಗ್ ಬೇಕೆಂದು ಅದೇ ಕೇಳುತ್ತದೆ, ಕನ್ನಡವನ್ನೂ ಉಳಿಸುವ ಯುಟಿಎಫ್-8 ಆರಿಸುತ್ತೇನೆ. ಎಕ್ಸೆಲ್‌ನಲ್ಲೂ ‘ಸಿಎಸ್‌ವಿ ಯುಟಿಎಫ್-8’ ಅಂತ ಬೇರೆಯೇ ಆಯ್ಕೆ ಇದೆ. ಸೇವ್ ಮಾಡಿ, ಮುಚ್ಚಿ, ಇನ್ನೊಮ್ಮೆ ತೆರೆದು ನೋಡಿ.

ಇದು ಬಗೆಹರಿದ ಮೇಲೆ ಶೀಟಿನಷ್ಟು ಸಲೀಸು ಬೇರೆ ಇಲ್ಲ. ಭಾಷೆಗೆ ಒಂದು ಕಾಲಂ, ಒಕ್ಕಕ್ಕೆ ಒಂದು, ಯಾವ ನಿಮಿಷದಲ್ಲಿ ಏನಿದೆ ಎಂದು ಒಂದು, ಯಾರಿಗೆ ಕೇಳಿಸಬಹುದು ಎಂಬ ಒಪ್ಪಿಗೆಗೆ ಒಂದು. ಒಕ್ಕದ ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆಯಬೇಕು, ಇಲ್ಲದಿದ್ದರೆ ಹುಡುಕಿದಾಗ ಅರ್ಧ ಸಿಗುವುದಿಲ್ಲ.

ಎರಡು ಡಿಸ್ಕನ್ನೂ ಒಂದೇ ಮನೆಯಲ್ಲಿ ಇಡಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ ಅಲ್ವಾ? ನನ್ನದೊಂದು ಮೈಸೂರಿನಲ್ಲಿ ತಂಗಿ ಹತ್ತಿರ ಇದೆ. ಹುತ್ತರಿ ಹಬ್ಬಕ್ಕೆ ಬರುವಾಗ ತರುತ್ತಾಳೆ, ಹೊಸ ಫೈಲ್ ಸೇರಿಸಿ, ಹಳೆಯವೂ ತೆರೆಯುತ್ತವೆಯೇ ನೋಡಿ ಕಳಿಸುತ್ತೇನೆ.