ಜಾಕಾಸ್ ನೋಡೋದಾದರೆ ಯಾವುದರಿಂದ ಶುರು ಮಾಡಬೇಕು?

ಎಂಟಿವಿಯಲ್ಲಿ 2000ನೇ ಇಸವಿಯಲ್ಲಿ ಶುರುವಾದ ‘ಜಾಕಾಸ್’ ರಿಯಾಲಿಟಿ ಶೋನಿಂದ 2022ರವರೆಗೆ ನಾಲ್ಕು ಮುಖ್ಯ ಸಿನಿಮಾಗಳು ಬಂದವು: 2002, 2006, 2010 ಮತ್ತು 2022ರಲ್ಲಿ. ನಾಲ್ಕಕ್ಕೂ ನಿರ್ದೇಶಕ ಜೆಫ್ ಟ್ರೆಮೇನ್. ಕಥೆ ಅಂತ ಯಾವುದರಲ್ಲೂ ಇಲ್ಲ. ಜಾನಿ ನಾಕ್ಸ್‌ವಿಲ್ ಮತ್ತು ಗೆಳೆಯರು ಏಟು ತಿನ್ನುತ್ತಾರೆ, ಬೀಳುತ್ತಾರೆ, ನಗುತ್ತಾರೆ. ನಾಲ್ಕನ್ನೂ ಸಾಲಾಗಿ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಇಲ್ಲಿ ನಗು ಬರುವುದು ಏಟಿನಿಂದಲ್ಲ, ಪಕ್ಕದಲ್ಲಿ ನಿಂತ ಗೆಳೆಯರ ಮುಖದಿಂದ.

ಇದು ಚೆನ್ನಾಗಿ ಗೊತ್ತಾಗುವುದು ಗೂಳಿಯ ದೃಶ್ಯಗಳಲ್ಲಿ. 2006ರ ಎರಡನೇ ಸಿನಿಮಾದಲ್ಲಿ ನಾಲ್ಕು ಕಡೆ ಸೀಟು ಇರುವ ಏತದಾಟ (ಸೀಸಾ) ಇದೆ. ನಾಲ್ಕು ಜನ ಕೂತಿರುತ್ತಾರೆ, ಕಣದೊಳಗೆ ಗೂಳಿ ಬಿಡುತ್ತಾರೆ. ಗೂಳಿ ಬಂದ ಕಡೆಯವನು ಮೇಲೆ ಹೋಗಬೇಕು. ಅವನು ಮೇಲೆ ಹೋದರೆ ಎದುರಿನವನು ಕೆಳಗೆ ಬರಲೇಬೇಕು, ಅಲ್ವಾ? ಅಷ್ಟೇ ಸಾಕು. ಒಬ್ಬನ ನೆಮ್ಮದಿ ಇನ್ನೊಬ್ಬನಿಗೆ ಗಂಡಾಂತರ. ಭಯ, ಬೈಗುಳ, ನಗು ಎಲ್ಲಾ ಒಟ್ಟಿಗೇ ಕಾಣುತ್ತದೆ.

2010ರ ತ್ರೀಡಿ ಸಿನಿಮಾದಲ್ಲಿ ನಾಕ್ಸ್‌ವಿಲ್ ಹಿಂದಿನ ಪರದೆಯಲ್ಲಿ ಬೆರೆತುಹೋಗುವ ಹಾಗೆ ಮೈಗೆಲ್ಲಾ ಬಣ್ಣ ಬಳಿದುಕೊಂಡು ಗೂಳಿಯ ಮುಂದೆ ನಿಲ್ಲುತ್ತಾರೆ. ಐಡಿಯಾ ಚೆನ್ನಾಗಿದೆ, ಆದರೆ ಗೂಳಿ ಗುದ್ದಿದ ಕೂಡಲೇ ತಮಾಷೆ ಮುಗಿಯಿತು. ಆ ಸಿನಿಮಾದಲ್ಲಿ ಸ್ಲೋ ಮೋಷನ್ ಜಾಸ್ತಿ. ಆಫೀಸಿನ ಬಾಗಿಲ ಪಕ್ಕ ದೊಡ್ಡ ರಬ್ಬರ್ ಕೈ ಇಟ್ಟು, ಒಳಗೆ ಬಂದವರಿಗೆಲ್ಲಾ ಬಾರಿಸುವ ದೃಶ್ಯಕ್ಕೆ ಅದು ಸರಿಯಾಗಿ ಒಗ್ಗಿದೆ. ಎಷ್ಟು ಸಲ ನೋಡಿದರೂ ನಗು ಬರುತ್ತದೆ. ಉಳಿದ ಕಡೆ ಸುಮ್ನೆ ಎಳೆದ ಹಾಗನಿಸಿತು.

2022ರದ್ದರಲ್ಲಿ ನಾಕ್ಸ್‌ವಿಲ್ ಜಾದೂಗಾರನ ವೇಷ ಹಾಕಿ ಗೂಳಿಯ ಮುಂದೆ ಆಟ ತೋರಿಸುತ್ತಾರೆ. ವಯಸ್ಸು ಐವತ್ತರ ಹತ್ತಿರ, ತಲೆ ಬೆಳ್ಳಗಾಗಿದೆ. ಗೂಳಿ ಅವರನ್ನು ಎತ್ತಿ ಎಸೆಯುತ್ತದೆ. ಪಕ್ಕೆಲುಬು, ಮಣಿಕಟ್ಟು ಮುರಿದು, ಮೆದುಳಿನಲ್ಲಿ ರಕ್ತಸ್ರಾವವೂ ಆಯಿತು. ಅಲ್ಲಿ ಗೆಳೆಯರ ನಗು ನಿಂತುಹೋಗುತ್ತದೆ, ನಮ್ಮದೂ ನಿಲ್ಲುತ್ತದೆ. ಹಾವೇರಿ ಕಡೆ ಹೋರಿ ಹಬ್ಬ ನೋಡಿದವರಿಗೆ ಆ ಏಟಿನ ಜೋರು ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಈ ಸಿನಿಮಾ ನನಗೆ ಇಷ್ಟ, ಅವರ ಧೈರ್ಯಕ್ಕೆ ಗೌರವವೂ ಇದೆ. ಆದರೆ ಹಳಬರ ಪರಿಚಯ ಇಲ್ಲದೆ ಇದನ್ನು ಮೊದಲು ನೋಡಿದರೆ ಅರ್ಧ ರುಚಿಯೂ ಸಿಗುವುದಿಲ್ಲ. 2011ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ, ಅದೇ ತಂಡದ ರಯಾನ್ ಡನ್ ಇಲ್ಲಿಲ್ಲ ಅನ್ನುವುದು ಹಳೆಯದನ್ನು ನೋಡಿದವರಿಗೇ ತಟ್ಟುವುದು.

ಮೊದಲನೆಯದು ಸುಮಾರು 50 ಲಕ್ಷ ಡಾಲರ್‌ನಲ್ಲಿ ಮುಗಿದ ಸಿನಿಮಾ. ಟಿವಿ ಶೋ ನೋಡಿದ ಹಾಗೇ ಇದೆ, ಚಿತ್ರವೂ ಅಷ್ಟೇ ಒರಟು. ಆದರೂ ಬಾಡಿಗೆ ಕಾರನ್ನು ಡಿಕ್ಕಿ ಹೊಡೆಯುವ ರೇಸಿಗೆ ಇಳಿಸಿ, ಜಜ್ಜಿಹೋದ ಮೇಲೆ ವಾಪಸ್ ಕೊಡಲು ಹೋಗುವ ದೃಶ್ಯಕ್ಕೆ ಸಾಟಿಯಿಲ್ಲ.

ಒಂದೇ ನೋಡುತ್ತೀರಾದರೆ 2006ರದ್ದು ನೋಡಿ. ಇಷ್ಟವಾದರೆ 2002ರದ್ದಕ್ಕೆ ಹೋಗಿ, 2022ರದ್ದನ್ನು ಕೊನೆಗೆ ಇಟ್ಟುಕೊಳ್ಳಿ. ತ್ರೀಡಿಯದ್ದನ್ನು ಮಾತ್ರ ಊಟ ಮಾಡಿದ ಕೂಡಲೇ ಹಾಕಬೇಡಿ. ಅದರಲ್ಲಿ ಒಬ್ಬನ ಬೆವರನ್ನು ಲೋಟಕ್ಕೆ ಹಿಡಿದು ತಂಡದ ಸ್ಟೀವ್-ಓ ಕುಡಿಯುತ್ತಾರೆ.