ಟಿವಿ ಪಕ್ಕಕ್ಕೆ ಯಾವ ಕಂಪ್ಯೂಟರ್? ಪೈ 5, ಎನ್100, ಹಳೇ ಆಫೀಸ್ ಪಿಸಿ, ಆಂಡ್ರಾಯ್ಡ್ ಬಾಕ್ಸ್

ಸಿನಿಮಾ ಓಡಿಸುವಷ್ಟು ಶಕ್ತಿ ಈಗ ಮಾರುಕಟ್ಟೆಯ ಬಹುತೇಕ ಎಲ್ಲ ಡಬ್ಬಿಗಳಲ್ಲೂ ಇದೆ. ಹಾಗಾಗಿ ವೇಗ ಅಳೆದು ಪ್ರಯೋಜನವಿಲ್ಲ. ಮೈಸೂರು, ಮಂಡ್ಯದ ಮನೆಗೆ ಬೇಕಾದ ಪರೀಕ್ಷೆಗಳು ಬೇರೆ. ಕರೆಂಟು ಹೋಗಿ ಬಂದ ಮೇಲೆ ಯಾರೂ ಕೀಬೋರ್ಡ್ ಹುಡುಕದೆ ಪರದೆಯ ಮೇಲೆ ಮೆನು ತಾನಾಗಿ ಬರಬೇಕು. ಮನೆಯ ಹಿರಿಯರು ಒಂದೇ ರಿಮೋಟಿನಲ್ಲಿ ನಡೆಸುವಂತಿರಬೇಕು. ಏಪ್ರಿಲ್ ಸೆಖೆಯಲ್ಲಿ ಶೋಕೇಸಿನೊಳಗೆ ಕೆಟ್ಟು ಕೂರಬಾರದು. ನಾಲ್ಕು ಡಬ್ಬಿಗಳನ್ನೂ ಒಂದೇ 4ಕೆ ಟಿವಿಗೆ ಜೋಡಿಸಿ, ಅವೇ ಫೈಲುಗಳನ್ನು ಓಡಿಸಿ ನೋಡಿದ ಹೋಲಿಕೆ ಇದು. ಮೊದಲ ಮೂರರಲ್ಲಿ ಇದ್ದದ್ದು ಲಿಬ್ರೆಇಎಲ್‌ಇಸಿ 12, ಅಂದರೆ ಸಿನಿಮಾ ಓಡಿಸುವ ಕೋಡಿ 21 ತಂತ್ರಾಂಶವನ್ನೇ ಹೊತ್ತು ಬರುವ ಚಿಕ್ಕ ಲಿನಕ್ಸ್. ವಿಂಡೋಸ್ ಹಾಕಲಿಲ್ಲ. ಸಿನಿಮಾ ನಡುವೆ ಅಪ್‌ಡೇಟ್ ಕೇಳುವ ಯಂತ್ರ ಟಿವಿ ಪಕ್ಕಕ್ಕೆ ಲಾಯಕ್ಕಲ್ಲ.

ಕೋಡೆಕ್ ಲೆಕ್ಕ

ವಿಡಿಯೋವನ್ನು ಕುಗ್ಗಿಸಿಡುವ ವಿಧಾನವೇ ಕೋಡೆಕ್. ಎಚ್.264, ಎಚ್‌ಇವಿಸಿ, ವಿಪಿ9, ಎವಿ1 ಎಲ್ಲ ಅಂಥವು. ಅದನ್ನು ಬಿಡಿಸಲೆಂದೇ ಚಿಪ್ಪಿನಲ್ಲಿರುವ ಭಾಗ ಹಾರ್ಡ್‌ವೇರ್ ಡಿಕೋಡರ್.

ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಬೋರ್ಡಿನಲ್ಲಿ ಹಾರ್ಡ್‌ವೇರ್ ಡಿಕೋಡರ್ ಇರುವುದು ಎಚ್‌ಇವಿಸಿಗೆ ಮಾತ್ರ. 4ಕೆ, ಸೆಕೆಂಡಿಗೆ 60 ಫ್ರೇಮ್‌ವರೆಗೂ ಅದು ಸಲೀಸು. ಪೈ 4ರಲ್ಲಿದ್ದ ಎಚ್.264 ಡಿಕೋಡರನ್ನು 5ರಲ್ಲಿ ಕೈಬಿಟ್ಟಿದ್ದಾರೆ. 1080ಪಿ ಮಟ್ಟದ ಎಚ್.264 ಅನ್ನು ಪ್ರೊಸೆಸರೇ ಎಳೆದುಕೊಂಡು ಹೋಗುವುದರಿಂದ ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಯೂಟ್ಯೂಬಿನ 4ಕೆಯಲ್ಲಿ. 1080ಪಿ ದಾಟಿದರೆ ಅಲ್ಲಿ ಬರುವುದು ವಿಪಿ9 ಅಥವಾ ಎವಿ1, ಪೈಯಲ್ಲಿ ಎರಡಕ್ಕೂ ಹಾರ್ಡ್‌ವೇರ್ ಇಲ್ಲ. ಪೈ ಕೊಂಡವರು ಯೂಟ್ಯೂಬನ್ನು 1080ಪಿಗೆ ಕಟ್ಟಿಹಾಕಬೇಕು.

2023ರಲ್ಲಿ ಬಂದ, ಮಿನಿ ಪಿಸಿಗಳಲ್ಲಿ ಕೂರುವ ಇಂಟೆಲ್ ಎನ್100 ಪ್ರೊಸೆಸರಿನಲ್ಲಿ ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ನಾಲ್ಕಕ್ಕೂ ಹಾರ್ಡ್‌ವೇರ್ ಇದೆ. ಈ ವಿಷಯದಲ್ಲಿ ಇದಕ್ಕೆ ಎದುರಿಲ್ಲ.

ಹಳೇ ಆಫೀಸ್ ಪಿಸಿ ಕೊಳ್ಳುವಾಗ ಎಡವುವುದು ಇಲ್ಲೇ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಆನ್‌ಲೈನಿನಲ್ಲೋ ಸಿಗುವ ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿಗಳಲ್ಲಿ ಡಬ್ಬಿಯ ಮಾಡೆಲ್ ಹೆಸರು ನೋಡಿ ಕೊಳ್ಳಬೇಡಿ. ಒಂದೇ ಎಂ710ಕ್ಯೂ ಡಬ್ಬಿಯಲ್ಲಿ ಐ5-6500ಟಿ ಕೂಡ ಇರಬಹುದು, ಐ5-7500ಟಿ ಕೂಡ ಇರಬಹುದು. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ಪೀಳಿಗೆ. 6 ಇದ್ದರೆ ಹಾರ್ಡ್‌ವೇರ್ 8 ಬಿಟ್ ಎಚ್‌ಇವಿಸಿಗೆ ನಿಲ್ಲುತ್ತದೆ. 4ಕೆ ಎಚ್‌ಡಿಆರ್ ಸಿನಿಮಾಗಳೆಲ್ಲ 10 ಬಿಟ್, ಆದ್ದರಿಂದ ಅವು ಮುಗ್ಗರಿಸುತ್ತವೆ. 7 ಅಥವಾ 8 ಇದ್ದರೆ 10 ಬಿಟ್ ಎಚ್‌ಇವಿಸಿಯೂ ವಿಪಿ9ವೂ ಬರುತ್ತವೆ. ಎವಿ1 ಬೇಕೆಂದರೆ 11ನೇ ಪೀಳಿಗೆ ಬೇಕು, ಆ ಬೆಲೆಗೆ ಹೊಸ ಎನ್100 ಬಂದುಬಿಡುತ್ತದೆ. ಇನ್ನೊಂದು ಮಾತು, ಈ ಹಳೆಯ ಪೀಳಿಗೆಗಳ ಎಚ್‌ಡಿಎಂಐ ಕಿಂಡಿ ಸಾಮಾನ್ಯವಾಗಿ 1.4, ಅಂದರೆ 4ಕೆಗೆ 30 ಹರ್ಟ್ಸ್ ಮಾತ್ರ. 60 ಹರ್ಟ್ಸ್ ಬೇಕಾದರೆ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐ 2.0ಗೆ ಹೋಗುವ ಆ್ಯಕ್ಟಿವ್ ಅಡಾಪ್ಟರ್ ಹಾಕಬೇಕು. ಅಗ್ಗದ ಪ್ಯಾಸಿವ್ ಅಡಾಪ್ಟರಿನಲ್ಲಿ ಆಗದು.

ಕರೆಂಟು ಹೋದಾಗ

ಮನೆಯ ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಬದಲಾಗುವಾಗ ಕೆಲವು ಮಿಲಿಸೆಕೆಂಡು ಸಪ್ಲೈ ಇರುವುದಿಲ್ಲ. ಹಿಂಬದಿಯ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದ್ದರೆ ಈ ಬಿಡುವು ಚಿಕ್ಕದು, ಕಂಪ್ಯೂಟರ್ ತಡೆದುಕೊಳ್ಳುತ್ತದೆ. ಆದರೆ ಆ ಮೋಡಿನಲ್ಲಿ ಇನ್‌ಪುಟ್ 180 ವೋಲ್ಟ್ ಆಸುಪಾಸಿಗಿಂತ ಕೆಳಗಿಳಿದರೆ ಇನ್ವರ್ಟರ್ ಲೈನನ್ನು ಬಿಟ್ಟು ಬ್ಯಾಟರಿಗೆ ಜಿಗಿಯುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿದರೆ, ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಅದಕ್ಕೆಂದು ಅಗಲ ವ್ಯಾಪ್ತಿಯ ಮೋಡಿಗೆ ತಿರುಗಿಸಿದರೆ ಬಿಡುವು ಉದ್ದವಾಗಿ ಕಂಪ್ಯೂಟರ್ ರೀಬೂಟ್ ಆಗುತ್ತದೆ. ಎರಡೂ ಕಡೆ ನಷ್ಟ.

ಎನ್100 ಗೆಲ್ಲುವುದು ಈ ಇಕ್ಕಟ್ಟಿನಲ್ಲಿ. ಬಹುತೇಕ ಎನ್100 ಮಿನಿ ಪಿಸಿಗಳು ನಡೆಯುವುದು 12 ವೋಲ್ಟ್ ಡಿಸಿಯಲ್ಲಿ. ರೂಟರ್‌ಗೆ ಹಾಕುತ್ತಾರಲ್ಲ, ಅದೇ ಬಗೆಯ 12 ವೋಲ್ಟ್ ಮಿನಿ ಯುಪಿಎಸ್ ಇದಕ್ಕೂ ಸಾಕು. ಆದರೆ ರೂಟರಿನ 1 ಆಂಪಿಯರ್ ಮಾಲು ತಂದರೆ ಬೂಟ್ ಆಗುವಾಗಲೇ ಕಟ್ ಆಗುತ್ತದೆ. ಯಂತ್ರ ಸುಮ್ಮನೆ ಕೂತಾಗ 6ರಿಂದ 10 ವ್ಯಾಟ್ ಎಳೆದರೂ ಬೂಟ್ ಹೊತ್ತಿನಲ್ಲಿ 20 ದಾಟಬಹುದು. ಹೀಗಾಗಿ 12 ವೋಲ್ಟ್, 3 ಆಂಪಿಯರ್ ಎಂದು ಬರೆದಿರುವುದನ್ನೇ ಕೊಳ್ಳಿ. ಪಿನ್ನಿನ ಅಳತೆಯನ್ನೂ, ನಡುವಿನ ಕಡ್ಡಿ ಪಾಸಿಟಿವ್ ಹೌದೇ ಎಂಬುದನ್ನೂ ನೋಡಿ. ನಂತರ ಯಂತ್ರ ಶುರುವಾಗುವಾಗಲೇ ತೆರೆಯುವ ಮೂಲ ಸೆಟ್ಟಿಂಗಾದ ಬಯಾಸ್‌ಗೆ ಹೋಗಿ 'ಸ್ಟೇಟ್ ಆಫ್ಟರ್ ಜಿ3' ಎಂಬುದನ್ನು 'ಎಸ್0' ಮಾಡಿ. ಕೆಲವು ಬೋರ್ಡುಗಳಲ್ಲಿ ಇದರ ಹೆಸರು 'ರಿಸ್ಟೋರ್ ಎಸಿ ಪವರ್ ಲಾಸ್'. ಇದನ್ನು ಮಾಡದಿದ್ದರೆ ಮಿನಿ ಯುಪಿಎಸ್ಸೂ ಬರಿದಾದ ದಿನ ಯಾರಾದರೂ ಎದ್ದು ಹೋಗಿ ಗುಂಡಿ ಒತ್ತಬೇಕಾಗುತ್ತದೆ.

ಪೈಗೆ ಈ ತಲೆನೋವಿಲ್ಲ, ಪವರ್ ಬಂದೊಡನೆ ತಾನೇ ಎದ್ದೇಳುತ್ತದೆ. ಅದರ ತಲೆನೋವು ಚಾರ್ಜರ್. ಪೈ 5 ಕೇಳುವುದು 5 ವೋಲ್ಟ್, 5 ಆಂಪಿಯರ್. ಮನೆಯಲ್ಲಿದ್ದ 3 ಆಂಪಿಯರ್ ಮೊಬೈಲ್ ಚಾರ್ಜರ್ ಚುಚ್ಚಿದರೂ ಬೂಟ್ ಆಗುತ್ತದೆ, ಆದರೆ ನಾಲ್ಕು ಯುಎಸ್‌ಬಿ ಕಿಂಡಿಗಳಿಗೂ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಚಿಕ್ಕ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವಾಗ ಬೇಡುವುದು 1 ಆಂಪಿಯರ್ ಹತ್ತಿರ. ಡಿಸ್ಕ್ 'ಟಿಕ್ ಟಿಕ್' ಎಂದು ಸದ್ದು ಮಾಡಿ ಕಾಣೆಯಾದರೆ ಡಿಸ್ಕಿನ ಮೇಲೆ ಅನುಮಾನ ಬೇಡ, ಮೊದಲು ಚಾರ್ಜರ್ ಬದಲಿಸಿ. ಎಸ್‌ಡಿ ಕಾರ್ಡೂ ನೆಚ್ಚಿಕೆಯದಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಹಾಳಾಗುವುದು ಅದೇ. ಪೈ 5ಕ್ಕೆ ಎನ್‌ವಿಎಂಇ ಹ್ಯಾಟ್ (ಎಸ್‌ಎಸ್‌ಡಿ ಕೂರಿಸುವ ಮೇಲುಬೋರ್ಡು) ಸಿಗುತ್ತದೆ, ಚಿಕ್ಕ ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸುವುದು ವಾಸಿ. ಇಷ್ಟೆಲ್ಲ ಸೇರಿಸಿದರೆ, ಚಾರ್ಜರ್, ಫ್ಯಾನ್ ಇರುವ ಕೇಸು, ಮೈಕ್ರೋ ಎಚ್‌ಡಿಎಂಐ ಕೇಬಲ್, ಹ್ಯಾಟ್, ಎಸ್‌ಎಸ್‌ಡಿ, ಬೋರ್ಡಿನ ಅಗ್ಗದ ಬೆಲೆ ಬರೀ ಆಸೆ ತೋರಿಸಿದ್ದು ಎನಿಸುತ್ತದೆ.

ಹಳೇ ಆಫೀಸ್ ಪಿಸಿಯ ಅಡಾಪ್ಟರ್ 19 ಅಥವಾ 20 ವೋಲ್ಟಿನದು, 12 ವೋಲ್ಟ್ ಮಿನಿ ಯುಪಿಎಸ್ ದಾರಿ ಇಲ್ಲ. ಮೇಲಾಗಿ ಇವುಗಳ ಸಿಆರ್2032 ಬಟನ್ ಸೆಲ್ ಸತ್ತಿರುವ ಸಂಭವ ಹೆಚ್ಚು. ಸೆಲ್ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಬಯಾಸ್ ಸೆಟ್ಟಿಂಗ್ ಅಳಿಸಿಹೋಗಿ 'ಎಫ್1 ಒತ್ತಿ' ಎಂದು ಪರದೆ ನಿಂತುಬಿಡುತ್ತದೆ. ಮನೆಗೆ ತಂದ ದಿನವೇ ಹೊಸ ಸೆಲ್ ಹಾಕಿ. ಡೆಲ್, ಎಚ್‌ಪಿಗಳಿಗೆ ನಕಲಿ ಅಡಾಪ್ಟರ್ ಕೊಟ್ಟರೂ ಇದೇ ಕಥೆ, ಗುರುತು ಸಿಗಲಿಲ್ಲವೆಂದು ಎಚ್ಚರಿಕೆ ತೋರಿಸಿ ನಿಲ್ಲಬಹುದು, ಪ್ರೊಸೆಸರ್ ವೇಗವನ್ನೂ ತಗ್ಗಿಸಬಹುದು.

ಮೂರಕ್ಕೂ ಅನ್ವಯಿಸುವ ಮಾತೊಂದಿದೆ. ಸಿನಿಮಾ ಇಡುವ ಹಾರ್ಡ್ ಡಿಸ್ಕ್ ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿರುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕ್ ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಅದರ ಮೇಲೆ 'ಡರ್ಟಿ' ಗುರುತು ಬೀಳುತ್ತದೆ. ಲಿನಕ್ಸಿನ ಎನ್‌ಟಿಎಫ್‌ಎಸ್3 ಡ್ರೈವರ್ ಅಂಥ ಡಿಸ್ಕನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ಕೋಡಿಯಲ್ಲಿ ಫೋಲ್ಡರ್ ಖಾಲಿ! ಡಿಸ್ಕನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ 'ಚೆಕ್‌ಡಿಸ್ಕ್' ಓಡಿಸಿದರೆ ಫೈಲುಗಳು ಮತ್ತೆ ಕಾಣುತ್ತವೆ. ಎಕ್ಸ್‌ಫ್ಯಾಟ್‌ನಲ್ಲಿ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳಲು ಬೇಕಾದ ದಾಖಲೆ, ಅಂದರೆ ಜರ್ನಲ್ಲೇ ಇಲ್ಲ. ಶುರುವಿನಲ್ಲೇ ಲಿನಕ್ಸಿನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಲ್ಯಾಪ್‌ಟಾಪಿನಿಂದ ಸಾಂಬಾ ಮೂಲಕ ನೆಟ್‌ವರ್ಕಿನಲ್ಲೇ ಫೈಲ್ ಕಳಿಸುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ರಿಮೋಟು, ಶಾಖ, ಬಿಲ್ಲು

ರಿಮೋಟಿನಲ್ಲಿ ಪೈ ಮುಂದು. ಎಚ್‌ಡಿಎಂಐ ಸಿಇಸಿ ಅದರಲ್ಲಿ ಹುಟ್ಟಿನಿಂದಲೇ ಇದೆ, ಟಿವಿ ರಿಮೋಟಿನ ಬಾಣದ ಗುಂಡಿಗಳಲ್ಲೇ ಕೋಡಿ ನಡೆಯುತ್ತದೆ. ಕೇಬಲ್ಲನ್ನು ಪವರ್ ಕಿಂಡಿಯ ಪಕ್ಕದ ಎಚ್‌ಡಿಎಂಐಗೆ ಹಾಕಿ. ಟಿವಿಯ ಸೆಟ್ಟಿಂಗಿನಲ್ಲೂ ಸಿಇಸಿ ಆನ್ ಆಗಿರಬೇಕು. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮಿನಿ ಪಿಸಿಗಳಲ್ಲಿ ಸಿಇಸಿ ಸಾಮಾನ್ಯವಾಗಿ ಇರುವುದಿಲ್ಲ. ಡಾಂಗಲ್ ಜೊತೆ ಬರುವ ರಿಮೋಟ್ ತಗೊಳ್ಳಿ, ಅಥವಾ ಫ್ಲರ್ಕ್ ಎಂಬ ಯುಎಸ್‌ಬಿ ಐಆರ್ ರಿಸೀವರ್ ಹಾಕಿ ಮನೆಯ ಹಳೆ ರಿಮೋಟೊಂದಕ್ಕೆ ಗುಂಡಿಗಳನ್ನು ಕಲಿಸಿ.

ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಫ್ಯಾನಿಲ್ಲದ ಎನ್100 ಡಬ್ಬಿ ಮಂಡ್ಯದ ಬೇಸಗೆಗೆ ಹೊಂದುವುದು ಅದರ ಮೇಲೆ ಒಂದು ಗೇಣು ಗಾಳಿ ಆಡಲು ಜಾಗ ಇದ್ದರೆ ಮಾತ್ರ. ಫ್ಯಾನಿದ್ದರೆ ವರ್ಷಕ್ಕೊಮ್ಮೆ ಬ್ಲೋವರಿನಲ್ಲಿ ಧೂಳು ಊದಿ.

ವಿದ್ಯುತ್ ಲೆಕ್ಕವೂ ಕಡೆಗಣಿಸುವಂಥದ್ದಲ್ಲ. ದಿನವಿಡೀ ಆನ್ ಇಟ್ಟರೆ 10 ವ್ಯಾಟಿನ ಯಂತ್ರಕ್ಕೆ ತಿಂಗಳಿಗೆ 7.2 ಯೂನಿಟ್, 25 ವ್ಯಾಟಿನದಕ್ಕೆ 18. ಗೃಹಜ್ಯೋತಿಯಲ್ಲಿ ಹೆಚ್ಚಿನ ಮನೆಗಳಿಗೆ ಉಚಿತ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ 10%. ಸರಾಸರಿ 120 ಇದ್ದ ಮನೆಗೆ ಹೆಚ್ಚುವರಿ 12 ಯೂನಿಟ್ ಮಾತ್ರ. ಹಳೇ ದೊಡ್ಡ ಪಿಸಿಯೊಂದೇ ಅದನ್ನು ದಾಟಿಸುತ್ತದೆ.

ಆಂಡ್ರಾಯ್ಡ್ ಬಾಕ್ಸ್ ಎಲ್ಲಿ?

ಒಟಿಟಿಯಲ್ಲಿ. ಲಿನಕ್ಸ್ ಪಿಸಿಗೆ ಸಿಗುವುದು ನಕಲು ತಡೆಯುವ ಬೀಗದ ಕೆಳಮಟ್ಟವಾದ ವೈಡ್‌ವೈನ್ ಎಲ್3, ಅದರಲ್ಲಿ ಒಟಿಟಿಗಳು 4ಕೆ ಕೊಡುವುದಿಲ್ಲ. ಮೇಲ್ಮಟ್ಟದ ಎಲ್1 ಇರುವ, ಕಂಪನಿಗಳ ಪ್ರಮಾಣಪತ್ರ ಪಡೆದ ಬಾಕ್ಸಿನಲ್ಲೋ ಸ್ಮಾರ್ಟ್ ಟಿವಿಯ ಒಳಗಿನ ಆ್ಯಪಿನಲ್ಲೋ ಅವನ್ನು ನೋಡಿಕೊಳ್ಳಿ. ಕೋಡಿಯೊಳಗೆ ಒಟಿಟಿ ತುರುಕುವ ಆಡ್‌ಆನ್‌ಗಳ ಹಿಂದೆ ಬೀಳುವುದು ದಂಡ. ಸ್ವಂತ ಫೈಲುಗಳಿಗೆ ಮಾತ್ರ ಈ ಬಾಕ್ಸ್ ಸೋಲುತ್ತದೆ. ಹಲವು ಬಾಕ್ಸುಗಳ, ಟಿವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ಗೆ ಸೀಮಿತ, 4ಕೆ ಬ್ಲೂರೇ ಡಿಸ್ಕಿನ ದರ 128ರವರೆಗೆ ಏರುತ್ತದೆ.

ಕೋಡಿಯಲ್ಲಿ ಬದಲಿಸಲೇಬೇಕಾದದ್ದು

ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋ ಒಳಗೆ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅನ್ನು 'ಆನ್ ಸ್ಟಾರ್ಟ್/ಸ್ಟಾಪ್'ಗೆ ಇಡಿ. ಸಿನಿಮಾ 24 ಫ್ರೇಮಿನದು, ನಮ್ಮ ದೂರದರ್ಶನ ಪ್ರಸಾರ 50 ಹರ್ಟ್ಸಿನದು, ಯೂಟ್ಯೂಬ್ ಹೆಚ್ಚಾಗಿ 30 ಅಥವಾ 60. ಟಿವಿ 60ರಲ್ಲೇ ಕಚ್ಚಿಕೊಂಡರೆ ಸುದ್ದಿಯ ಅಡಿಪಟ್ಟಿ ತಡೆತಡೆದು ಓಡುತ್ತದೆ, ಜನ ಬಾಕ್ಸನ್ನು ಬೈಯುತ್ತಾರೆ.

ಕನ್ನಡ ಸಬ್‌ಟೈಟಲ್ ಈಗ ಸರಿಯಾಗಿ ಬರುತ್ತದೆ. ಕೋಡಿ 20ರಿಂದ ಅದನ್ನು ಪರದೆಗೆ ಬಿಡಿಸುವ ತಂತ್ರಾಂಶ ಲಿಬ್‌ಆ್ಯಸ್, ಒತ್ತಕ್ಷರಗಳು ಕೂಡುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಕೋಡಿಯ ಮೀಡಿಯಾ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಆರಿಸಿ. ಮೆನುಗಳ ಮಾತು ಬೇರೆ, ಫೈಲಿನ ಹೆಸರು ಕನ್ನಡದಲ್ಲಿದ್ದರೆ ಚೌಕಗಳು ಕಾಣಬಹುದು. ಫೋಲ್ಡರಿಗೆ ಇಂಗ್ಲಿಷ್ ಲಿಪಿಯ ಹೆಸರೇ ಇರಲಿ.

ಚಂದನವನ್ನೂ ರೆಕಾರ್ಡ್ ಮಾಡಬೇಕೆಂದರೆ

ಆಗ ಆಯ್ಕೆ ತಲೆಕೆಳಗು. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಅದನ್ನು ಹಿಡಿಯಲು ಡಿವಿಬಿ-ಎಸ್2 ಟ್ಯೂನರ್ ಬೇಕು, ಜೊತೆಗೆ ಚಾನೆಲ್ ರೆಕಾರ್ಡ್ ಮಾಡುವ ತಂತ್ರಾಂಶವಾದ ಟಿವಿಹೆಡ್‌ಎಂಡ್ ಸರ್ವರ್. ಪಿಸಿಐಇ ಟ್ಯೂನರ್ ಕಾರ್ಡು ಕೂರುವುದು ಹಳೇ ಆಫೀಸಿನ ಎಸ್‌ಎಫ್‌ಎಫ್ ಮಾದರಿಯ ದೊಡ್ಡ ಪಿಸಿಯಲ್ಲಿ, ಅರ್ಧ ಎತ್ತರದ ಕಾರ್ಡಾಗಿದ್ದರೆ. ಪೈಗೂ ಎನ್100ಕ್ಕೂ ಯುಎಸ್‌ಬಿ ಟ್ಯೂನರೇ ಗತಿ. ಯಾವುದಾದರೂ ಸರಿ, ಡ್ರೈವರ್ ಲಿನಕ್ಸ್ ಕರ್ನಲ್ಲಿನೊಳಗೇ ಇದೆಯೇ ಎಂದು ಖಚಿತ ಮಾಡಿಕೊಂಡೇ ದುಡ್ಡು ಕೊಡಿ. ಗೂಢಲಿಪಿಯ ಚಾನೆಲ್‌ಗಳು, ದುಡ್ಡಿನ ಡಿಟಿಎಚ್ ಪ್ಯಾಕುಗಳು ಇದರಲ್ಲಿ ಬರುವುದಿಲ್ಲ. ಮನೆಯ ಸೆಟ್ ಟಾಪ್ ಬಾಕ್ಸೂ ಜೊತೆಗೆ ನಡೆಯಬೇಕಾದರೆ ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ, ಎರಡು ಔಟ್‌ಪುಟ್ಟಿನ ಎಲ್‌ಎನ್‌ಬಿ ಹಾಕಿಸಿ. ಒಂದೇ ಕೇಬಲ್ಲನ್ನು ಸೀಳಿ ಹಂಚಿದರೆ ಎರಡೂ ಕಡೆಯಿಂದ ವೋಲ್ಟೇಜ್ ಹೋಗಿ ಚಾನೆಲ್ ಕಿತ್ತಾಡುತ್ತವೆ.

ಮೈಸೂರಿನಿಂದ ಈ ಉಪಗ್ರಹ ಕಾಣುವುದು ಆಗ್ನೇಯಕ್ಕೆ, ಉತ್ತರದಿಂದ 125 ಡಿಗ್ರಿ ಸುತ್ತಿ, ನೆಲದಿಂದ 66 ಡಿಗ್ರಿ ಎತ್ತರದಲ್ಲಿ. ಆಫ್‌ಸೆಟ್ ಡಿಶ್ ಆದ್ದರಿಂದ ತಟ್ಟೆ ಅಷ್ಟು ಮೇಲೆ ನೋಡಿದಂತೆ ಕಾಣುವುದಿಲ್ಲ, ಅದನ್ನು ನೋಡಿ ಗಾಬರಿಬಿದ್ದು ಮೇಲಕ್ಕೆ ಬಾಗಿಸಬೇಡಿ. ಆಗ್ನೇಯದಲ್ಲಿ ತೆಂಗಿನ ಮರವಿದ್ದರೆ ಗಾಳಿ ಬೀಸಿದಾಗ ಗರಿ ಅಡ್ಡ ಬಂದು ಚಿತ್ರ ಚೂರುಚೂರಾಗುತ್ತದೆ, ರೆಕಾರ್ಡಿಂಗಿನಲ್ಲೂ ಆ ಚೂರುಗಳೇ ಉಳಿಯುತ್ತವೆ. ಮರ ಕಡಿಯುವ ಮಾತೆತ್ತುವ ಮೊದಲು ಡಿಶ್ಶನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸಿ ಸಿಗ್ನಲ್ ನೋಡಿ.